ಊರಿನ ಸಂಬಳದಲ್ಲಿ ತೂಗಬೇಕಾದ ಸಾಲ

ಬಿ.ಕಾಂ. ಇಲ್ಲವೇ ಬಿಬಿಎ ಮುಗಿಸಿದ ಮಕ್ಕಳು ಇಂಟರ್‌ನ್ಯಾಷನಲ್ ಬಿಸಿನೆಸ್‌ನಲ್ಲಿ ಎಂಎಸ್‌ಸಿ ಮಾಡಲು ಬ್ರಿಟನ್ನಿಗೆ ಹೊರಟಾಗ ಮನೆಮನೆಯಲ್ಲೂ ನಡೆಯುವ ಲೆಕ್ಕ ಹೆಚ್ಚುಕಡಿಮೆ ಒಂದೇ. ಫೀಸು, ಬಾಡಿಗೆ, ಊಟ, ವೀಸಾ, ವಿಮಾನ ಎಲ್ಲ ಸೇರಿ 30 ಲಕ್ಷ. ಅಲ್ಲೇ ಕೆಲಸ ಸಿಕ್ಕರೆ ವರ್ಷದ ಸಂಬಳವೇ ಅದಕ್ಕಿಂತ ಹೆಚ್ಚು. ಮೂರ್ನಾಲ್ಕು ವರ್ಷದಲ್ಲಿ ಸಾಲ ತೀರಿತು. ಈ ಲೆಕ್ಕದ ಕೂಡು-ಕಳೆಯಲ್ಲಿ ತಪ್ಪಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಇರುವುದು ಸಹಿ ಹಾಕಿದ ಮರುಕ್ಷಣದಿಂದ ಖಚಿತವಾದ ಸಾಲ. ಇನ್ನೊಂದರಲ್ಲಿ ಇರುವುದು ಹತ್ತಾರು ಷರತ್ತುಗಳು ಕೂಡಿಬಂದರೆ ಮಾತ್ರ ಸಿಗುವ ಸಂಬಳ. ಇವೆರಡನ್ನು ಸಮ ಎಂದು ತೂಗುವುದರಲ್ಲಿ ತಪ್ಪಿದೆ. ಅಲ್ಲಿಯ ಸಂಬಳವನ್ನು ಪಕ್ಕಕ್ಕಿಟ್ಟು, ಓದು ಮುಗಿಸಿ ಬೆಂಗಳೂರಿಗೋ ಮಂಗಳೂರಿಗೋ ಮರಳಿದರೆ ಸಿಗುವ ಸಂಬಳದಲ್ಲೇ ಈ ಸಾಲವನ್ನು ತೂಗಿ ನೋಡಬೇಕು ಎಂಬುದು ನನ್ನ ವಾದ.

ಶೇ. 11ರ ಬಡ್ಡಿಗೆ 30 ಲಕ್ಷ ಸಾಲ ಎಂದಿಟ್ಟುಕೊಳ್ಳಿ. ಓದುವ ಒಂದು ವರ್ಷ, ಮುಗಿದ ಮೇಲೆ ಇನ್ನೊಂದು ವರ್ಷ ಕಂತಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಪೂರ್ತಿ ಹಣ ಮೊದಲೇ ಬಿಡುಗಡೆಯಾದರೆ ವರ್ಷಕ್ಕೆ 3.3 ಲಕ್ಷದಂತೆ ಎರಡು ವರ್ಷಕ್ಕೆ 6.6 ಲಕ್ಷ. ಕಂತು ಶುರುವಾಗುವ ದಿನ ಸಾಲ 36.6 ಲಕ್ಷವಾಗಿರುತ್ತದೆ. ಹತ್ತು ವರ್ಷಕ್ಕೆ ತೀರಬೇಕೆಂದರೆ ತಿಂಗಳಿಗೆ ಸುಮಾರು 50,400 ರೂಪಾಯಿ. ಕೊನೆಗೆ ಕಟ್ಟುವ ಒಟ್ಟು ಮೊತ್ತ 60 ಲಕ್ಷ ದಾಟುತ್ತದೆ. ಬ್ರಿಟನ್ನಿನಲ್ಲಿ ವರ್ಷಕ್ಕೆ 33,400 ಪೌಂಡ್ ಸಂಬಳದ ಕೆಲಸವಿದ್ದರೆ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ ಕಳೆದು ತಿಂಗಳಿಗೆ ಸುಮಾರು 2,300 ಪೌಂಡ್ ಕೈಗೆ ಬರುತ್ತದೆ. ಪೌಂಡಿಗೆ 115 ರೂಪಾಯಿಯಂತೆ ನೋಡಿದರೆ ಕಂತು 440 ಪೌಂಡ್ ಆಸುಪಾಸು. ಬಿಗಿಹಿಡಿದು ಬದುಕಿದರೆ ಕಟ್ಟಬಹುದು. ಅದೇ ಪದವಿ ಹಿಡಿದು ಊರಿಗೆ ಬಂದು ತಿಂಗಳಿಗೆ 35 ಸಾವಿರದ ಕೆಲಸಕ್ಕೆ ಸೇರಿದರೆ ಕಂತು ಸಂಬಳಕ್ಕಿಂತ 15 ಸಾವಿರ ಹೆಚ್ಚು. ನಡುವೆ ಹೊಂದಿಸಿಕೊಳ್ಳುವ ದಾರಿ ಇಲ್ಲ. ಒಂದು ಕಡೆ ಸಾಲ ತೀರಿಸುವುದು ಸಾಧ್ಯ, ಇನ್ನೊಂದು ಕಡೆ ಅಸಾಧ್ಯ. ಬದುಕು ಯಾವ ಕಡೆಗೆ ಬೀಳುತ್ತದೆ ಎಂಬುದು ಓದುವವರ ಜಾಣ್ಮೆಗಿಂತ ಹೆಚ್ಚಾಗಿ ಆ ದೇಶದ ಗೃಹ ಇಲಾಖೆಯ ಕೈಯಲ್ಲಿದೆ.

2023ರ ಸೆಪ್ಟೆಂಬರಿನಲ್ಲಿ ಹೋದ ವಿದ್ಯಾರ್ಥಿಯನ್ನೇ ನೋಡಿ. ಹೊರಡುವಾಗ, ಅಲ್ಲಿ ಕೆಲಸಕ್ಕೆ ಉಳಿಯಲು ಬೇಕಾದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬೇಕಿದ್ದ ಸಾಮಾನ್ಯ ಕನಿಷ್ಠ ಸಂಬಳ 26,200 ಪೌಂಡ್. ಕೋರ್ಸ್ ಮುಗಿಯುವ ಮೊದಲೇ, 2024ರ ಏಪ್ರಿಲ್‌ನಲ್ಲಿ, ಅದು 38,700 ಆಯಿತು. 2025ರ ಜುಲೈನಲ್ಲಿ 41,700. ಹೊಸದಾಗಿ ಓದು ಮುಗಿಸಿದವರಿಗೆ 33,400ರ ರಿಯಾಯಿತಿ ಇದೆ ನಿಜ. ಆದರೆ ಆ ರಿಯಾಯಿತಿಗೆ ಗರಿಷ್ಠ ನಾಲ್ಕು ವರ್ಷ, ಓದಿನ ನಂತರ ಕೆಲಸ ಹುಡುಕಲು ಸಿಗುವ ಗ್ರಾಜುಯೇಟ್ ವೀಸಾದಲ್ಲಿ ಕಳೆದ ಕಾಲವೂ ಅದರಲ್ಲೇ ಸೇರುತ್ತದೆ. ಆ ಗ್ರಾಜುಯೇಟ್ ವೀಸಾ ಕೂಡ 2027ರ ಜನವರಿಯಿಂದ ಅರ್ಜಿ ಹಾಕುವ ಸ್ನಾತಕೋತ್ತರರಿಗೆ ಎರಡು ವರ್ಷದಿಂದ 18 ತಿಂಗಳಿಗೆ ಇಳಿಯುತ್ತಿದೆ. ಇಷ್ಟೆಲ್ಲ ಬದಲಾದರೂ ಇಲ್ಲಿಯ ಬ್ಯಾಂಕಿನ ಸಾಲಪತ್ರದಲ್ಲಿ ಒಂದಕ್ಷರವೂ ಬದಲಾಗಿಲ್ಲ.

ಅಮೆರಿಕದ ಕಥೆ ಬೇರೆ, ಆದರೆ ಸಾರ ಇದೇ. ಅಲ್ಲಿ ಐ-20 ಎಂಬ ಪ್ರವೇಶಪತ್ರದಲ್ಲಿ ಕೋರ್ಸಿನ ಹೆಸರಿನ ಜೊತೆ ಆರಂಕಿಯ ಒಂದು ಸಂಖ್ಯೆ ಇರುತ್ತದೆ. ಇಂಟರ್‌ನ್ಯಾಷನಲ್ ಬಿಸಿನೆಸ್ಸಿನದು 52.1101, ಮ್ಯಾನೇಜ್‌ಮೆಂಟ್ ಸೈನ್ಸಿನದು 52.1301. ಎರಡನೆಯದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದೆ, ಮೊದಲನೆಯದು ಇಲ್ಲ. ಒಂದೇ ವಿಶ್ವವಿದ್ಯಾಲಯದಲ್ಲಿ, ಒಂದೇ ಫೀಸು ಕಟ್ಟಿ ಓದಿದರೂ ಒಬ್ಬರಿಗೆ ಓದಿನ ನಂತರ 12 ತಿಂಗಳು ಕೆಲಸ ಮಾಡುವ ಅವಕಾಶ, ಇನ್ನೊಬ್ಬರಿಗೆ 36 ತಿಂಗಳು. ಸಾಲ ತೀರಿಸಲು ಅಲ್ಲಿ ದುಡಿಯುವ ಅವಧಿಯನ್ನೇ ಮೂರು ಪಟ್ಟು ಮಾಡಬಲ್ಲ ಈ ಸಂಖ್ಯೆಯ ಬಗ್ಗೆ ಅರ್ಜಿ ಹಾಕುವ ಮೊದಲೇ ವಿಶ್ವವಿದ್ಯಾಲಯಕ್ಕೆ ಬರೆದು ಕೇಳಬೇಕು.

ಹಾಗಾದರೆ ಯಾವ ಕೋರ್ಸಿಗೆ ಎಷ್ಟು ಸಂಬಳ ಎಂದು ಅಂಕಿಅಂಶ ನೋಡಿ ತೀರ್ಮಾನಿಸಬಹುದಲ್ಲ ಎನ್ನಬಹುದು. ಅಮೆರಿಕ ಸರ್ಕಾರ 2015ರಲ್ಲಿ ತಂದ ಕಾಲೇಜ್ ಸ್ಕೋರ್‌ಕಾರ್ಡ್ ಇದಕ್ಕೆಂದೇ ಇದೆ. ಒಂದೊಂದು ಕಾಲೇಜಿನ ಒಂದೊಂದು ವಿಷಯಕ್ಕೂ ಮಧ್ಯಮ ಸಂಬಳವನ್ನೂ ಮಧ್ಯಮ ಸಾಲವನ್ನೂ ಅಕ್ಕಪಕ್ಕದಲ್ಲಿ ಇಡುತ್ತದೆ. ಒಳ್ಳೆಯ ಕೆಲಸ. ಆದರೆ ಅದರ ಸಂಬಳದ ಅಂಕಿ ಅಲ್ಲಿಯ ಕೇಂದ್ರ ಸರ್ಕಾರದ ಶೈಕ್ಷಣಿಕ ನೆರವು ಪಡೆದವರದ್ದು. ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಆ ನೆರವಿಲ್ಲ, ಆದ್ದರಿಂದ ನಮ್ಮ ಮಕ್ಕಳು ಆ ಲೆಕ್ಕದಲ್ಲೇ ಇಲ್ಲ. ಎಲ್ಲಿ ಬೇಕಾದರೂ, ಎಷ್ಟು ಕಾಲ ಬೇಕಾದರೂ ದುಡಿಯಬಲ್ಲ ಅಲ್ಲಿಯವರ ಸಂಬಳವನ್ನು ನಮ್ಮದೆಂದು ಓದಿಕೊಳ್ಳುತ್ತೇವೆ.

ಈ ಪದವಿಯ ಸ್ವಭಾವವನ್ನೂ ನೋಡಬೇಕು. ದಾದಿಯರಿಗೆ, ಲೆಕ್ಕಪರಿಶೋಧಕರಿಗೆ ಇರುವಂತೆ ಇಂಟರ್‌ನ್ಯಾಷನಲ್ ಬಿಸಿನೆಸ್ ಓದಿದವರಿಗೇ ಮೀಸಲಾದ ಕೆಲಸ ಎಂಬುದಿಲ್ಲ. ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಬೆಲೆ ಇರುವುದು ಒಂದು ಸರಕು, ಒಂದು ದೇಶ, ಒಂದಿಷ್ಟು ಕಾಗದಪತ್ರ ಇವುಗಳ ಹತ್ತಿರದ ತಿಳಿವಿಗೆ. ರಫ್ತುದಾರರಿಗೆ ಬ್ಯಾಂಕು ಹಣದ ಭರವಸೆ ಕೊಡುವ ಎಲ್‌ಸಿ ಎಂಬ ಲೆಟರ್ ಆಫ್ ಕ್ರೆಡಿಟ್‌ನಲ್ಲಿ ಬ್ಯಾಂಕು ಸರಕನ್ನು ನೋಡುವುದಿಲ್ಲ, ಕಾಗದವನ್ನು ನೋಡುತ್ತದೆ. ಕಂಟೇನರ್ ತುಂಬ ಉತ್ತಮ ಕಾಫಿಯೇ ಇರಲಿ, ಹಡಗಿನ ರಸೀದಿಯಾದ ಬಿಲ್ ಆಫ್ ಲೇಡಿಂಗ್‌ನಲ್ಲಿ ಹಡಗು ಹೊರಟ ತಾರೀಕು ಎಲ್‌ಸಿಯ ಗಡುವು ದಾಟಿದ್ದರೆ, ಇನ್‌ವಾಯ್ಸಿನಲ್ಲಿ ಸರಕಿನ ವಿವರ ಎಲ್‌ಸಿಗೆ ತಾಳೆಯಾಗದಿದ್ದರೆ, ಹಣ ನಿಲ್ಲುತ್ತದೆ. ನಿಯಮಗಳೂ ಬದಲಾಗುತ್ತಿರುತ್ತವೆ. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ. 40 ಸುಂಕ ಹಾಕಿದಾಗ, ಹೊರದೇಶಗಳನ್ನೇ ನಂಬಿ ಬೆಳೆಯುವ ಬೆಂಗಳೂರು ರೋಸ್ ಈರುಳ್ಳಿಯೂ ಅದಕ್ಕೆ ಸಿಕ್ಕಿಕೊಂಡಿತು. ಸೆಪ್ಟೆಂಬರ್ ಕೊನೆಗೆ ಅದಕ್ಕೊಂದೇ ವಿನಾಯಿತಿ ಬಂತು, ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರ ಇರಬೇಕೆಂಬ ಷರತ್ತಿನೊಂದಿಗೆ. ಅಂಥ ಅಧಿಸೂಚನೆಯನ್ನು ಬಂದ ದಿನವೇ ಓದಿ, ಯಾವ ಲಾರಿ ತಡೆಯಬೇಕು, ಯಾವುದನ್ನು ಬಿಡಬೇಕು ಎಂದು ಹೇಳಬಲ್ಲವರು ರಫ್ತುದಾರರಿಗೆ ಬೇಕು. ಒಂದು ವರ್ಷದ ಎಂಎಸ್‌ಸಿಯ ತರಗತಿಯಲ್ಲಿ ಇದು ಬರುವುದು ಕಷ್ಟ. ಕ್ಲಿಯರಿಂಗ್ ಏಜೆಂಟರ ಕಚೇರಿಯಲ್ಲಿ ಎರಡು ವರ್ಷ ದುಡಿದರೆ ಬರುತ್ತದೆ, ಸಂಬಳವೂ ಸಿಗುತ್ತದೆ. ಅಷ್ಟು ಕಲಿತು ಆಮೇಲೆ ಹೊರದೇಶಕ್ಕೆ ಹೋದವರಿಗೆ ಅದೇ ಪದವಿ ಬೇರೆಯೇ ಫಲ ಕೊಡಬಲ್ಲದು.

ಸಾಲ ಕೆಟ್ಟರೆ ಹೋಗುವುದು ಏನು ಎಂಬುದನ್ನು ನಾವು ಸಾಕಷ್ಟು ಗಟ್ಟಿಯಾಗಿ ಹೇಳುತ್ತಿಲ್ಲ. ಕೃಷಿ ಜಮೀನಿನ ಮೇಲಿನ ಅಡಮಾನಕ್ಕೆ, ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಅನ್ವಯಿಸುವುದಿಲ್ಲ, ಹಾಗಾಗಿ ದೊಡ್ಡ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ತೋಟದ ಪಹಣಿಗಿಂತ ಮನೆಯ ಖಾತಾವನ್ನೇ ಬಯಸುತ್ತವೆ. ಐದೆಕರೆ ಅಡಿಕೆ ಇದ್ದವರೂ ಕೊನೆಗೆ ಅಡಮಾನ ಇಡುವುದು ತಾವು ಮಲಗುವ ಮನೆಯನ್ನು. ಸಹ-ಸಾಲಗಾರರಾಗಿ ಸಹಿ ಹಾಕುವ ಅಪ್ಪನಿಗೆ ಆಗ ಐವತ್ತೈದಾಗಿದ್ದರೆ ಕಂತಿಲ್ಲದ ಎರಡು ವರ್ಷವೂ ಸೇರಿ, ಹತ್ತು ವರ್ಷದ ಕಂತು ಮುಗಿಯುವಾಗ ಅರವತ್ತೇಳು. ಶಿಕ್ಷಣ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆಯಲ್ಲ ಎನ್ನುವವರಿದ್ದಾರೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದೂ ಇಲ್ಲ.

ನನ್ನ ಅಳತೆಗೋಲಿಗೆ ಒಂದು ಗಟ್ಟಿ ಆಕ್ಷೇಪಣೆ ಇದೆ. ಊರಿನ ಸಂಬಳದಲ್ಲೇ ಸಾಲ ತೀರಬೇಕೆಂದರೆ ಸಿರಿವಂತರ ಮಕ್ಕಳು ಮಾತ್ರ ವಿದೇಶಕ್ಕೆ ಹೋದಾರು, ಧೈರ್ಯ ಮಾಡಿ ಸಾಲ ಮಾಡಿದ ಎಷ್ಟೋ ಮನೆಗಳು ಮೇಲೆ ಬಂದಿಲ್ಲವೇ ಎಂದು ಕೇಳಬಹುದು. ಬಂದಿವೆ. ಅವರ ಧೈರ್ಯದ ಬಗ್ಗೆ ನನಗೆ ಗೌರವವಿದೆ. ಆದರೆ ಈ ಅಳತೆ ವಿದೇಶಕ್ಕೆ ಹೋಗಬೇಡಿ ಎನ್ನುವುದಿಲ್ಲ, ಇಷ್ಟು ಸಾಲ ಬೇಡ ಎನ್ನುತ್ತದೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ವೀಸಾಕ್ಕೆ, ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕಾದ ವರ್ಷದ ಖರ್ಚು 11,904 ಯೂರೊ, ಅಂದರೆ ಸುಮಾರು 12 ಲಕ್ಷ. ಅಲ್ಲಿಯ ಖಾಸಗಿ ಬಿಸಿನೆಸ್ ಸ್ಕೂಲುಗಳ ಮಾತು ಬೇರೆ. ಕನ್ಸಲ್ಟೆನ್ಸಿಯವರು ಯಾವುದನ್ನು ತೋರಿಸುತ್ತಿದ್ದಾರೆ ಎಂದು ವಿಚಾರಿಸಲೇಬೇಕು. ಜರ್ಮನ್ ಕಲಿಯಲು ಬೆಂಗಳೂರಿನಲ್ಲೇ ಮ್ಯಾಕ್ಸ್ ಮುಲ್ಲರ್ ಭವನ ಇದೆ. ದೇಶದೊಳಗೆ ಓದುವುದಾದರೆ ವಿದೇಶಿ ವ್ಯಾಪಾರಕ್ಕೆಂದೇ 1963ರಲ್ಲಿ ಹುಟ್ಟಿದ ದೆಹಲಿಯ ಐಐಎಫ್‌ಟಿ ಇದೆ. ಅದೂ ಅಗ್ಗವಲ್ಲ, ಆದರೆ ಅಲ್ಲಿ ಸಂಬಳವೂ ಸಾಲವೂ ರೂಪಾಯಿಯಲ್ಲಿವೆ, ನಡುವೆ ವೀಸಾ ಇಲ್ಲ.

ಮನೆಯವರ ಮೇಲಷ್ಟೇ ಈ ತೂಕದ ಹೊರೆ ಹಾಕುವುದೂ ನ್ಯಾಯವಲ್ಲ. ಯಾವ ದೇಶದ, ಯಾವ ಕೋರ್ಸಿನ ಸಾಲ ಸರಿಯಾಗಿ ತೀರಿತು, ಯಾವುದು ಸುಸ್ತಿಯಾಯಿತು, ಯಾವ ಕಂತನ್ನು ಮಗ ಕಟ್ಟಿದ, ಯಾವುದನ್ನು ನಿವೃತ್ತ ಅಪ್ಪ ಕಟ್ಟಿದರು ಎಂಬುದು ಸಾಲ ಕೊಟ್ಟ ಬ್ಯಾಂಕಿನ ಖಾತೆಗಳಲ್ಲೇ ದಾಖಲಾಗಿರುತ್ತದೆ. ಹೆಸರು ತೆಗೆದು, ಕೋರ್ಸ್‌ವಾರು, ದೇಶವಾರು ಆ ಲೆಕ್ಕವನ್ನು ಸರ್ಕಾರಿ ಬ್ಯಾಂಕುಗಳಾದರೂ ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಮಂಜೂರಾತಿ ಪತ್ರದಲ್ಲಿ ಕಂತಿನ ಮೊತ್ತದ ಪಕ್ಕದಲ್ಲೇ ಅದನ್ನು ಅಚ್ಚು ಹಾಕಿ, ಅಪ್ಪ-ಅಮ್ಮನಿಗೆ ಓದಲು ಬರುವ ಭಾಷೆಯಲ್ಲಿ, ಸಹಿ ಹಾಕುವ ಮೊದಲು ಕೊಡಬೇಕು.