ಎದುರಿನ ಗೋಡೆ

ನಮ್ಮ ಮನೆಗಳಲ್ಲಿ ಬರಿಯ ಗೋಡೆ ಅಪರೂಪ. ದೇವರ ಪಟಗಳು, ಗತಿಸಿದ ಹಿರಿಯರ ಭಾವಚಿತ್ರಗಳು, ಅಂಗಡಿಯವರು ವರ್ಷಾರಂಭದಲ್ಲಿ ಕೊಟ್ಟ ಕ್ಯಾಲೆಂಡರು, ಇವುಗಳಿಗೆ ಅಲ್ಲಿ ಬಹುಕಾಲದಿಂದ ಸ್ಥಾನವುಂಟು. ಅವುಗಳ ವಿಷಯದಲ್ಲಿ ನಮ್ಮ ತಕರಾರೇನೂ ಇಲ್ಲ. ಈ ತಿಂಗಳು ನಾವು ವಿಚಾರಿಸಬೇಕೆಂದಿರುವುದು ಬೇರೊಂದು ಗೋಡೆಯನ್ನು. ಬರೆಯುವವರ ಮೇಜಿನ, ಚಿತ್ರ ಬಿಡಿಸುವವರ ಹಲಗೆಯ, ಹೊಲಿಯುವವರ ಯಂತ್ರದ ಎದುರಿಗಿರುವ ಗೋಡೆಯನ್ನು. 2020ರ ಮಹಾವ್ಯಾಧಿಯ ತರುವಾಯ ಕಚೇರಿಯ ಕೆಲಸವನ್ನು ಮನೆಗೆ ತಂದುಕೊಂಡವರು ಅನೇಕರು. ಮೇಜು ಬಂದಿತು, ಕುರ್ಚಿ ಬಂದಿತು. ದಿನವೆಲ್ಲ ದೃಷ್ಟಿ ಬೀಳುವ ಗೋಡೆಯ ಯೋಚನೆ ಮಾತ್ರ ಹಿಂದುಳಿಯಿತು. ಕೆಲವರಂತೂ ಚೌಕಟ್ಟು ಹಾಕಿದ ಹಿತೋಕ್ತಿಗಳನ್ನು ಕೊಂಡುತಂದು, ಸಾಲಾಗಿ ತೂಗುಹಾಕಿ, ಅಲ್ಲಿಗೆ ಕೈತೊಳೆದುಕೊಂಡರು.

ಇಂಥ ಗೋಡೆಯು ಕೆಲಸಕ್ಕೆ ಹೇಗೆ ಒದಗಬಹುದೆಂಬುದಕ್ಕೆ ಹಾಲೆಂಡಿನ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋನ ಉದಾಹರಣೆ ನೋಡತಕ್ಕದ್ದು. ಅವನು 1885ರ ನವೆಂಬರಿನಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಪಟ್ಟಣಕ್ಕೆ ಬಂದು, ಬಣ್ಣದ ವ್ಯಾಪಾರಿಯೊಬ್ಬನ ಅಂಗಡಿಯ ಮೇಲೆ ಸಣ್ಣ ಕೋಣೆಯೊಂದನ್ನು ಬಾಡಿಗೆಗೆ ಹಿಡಿದನು. ಊಟಕ್ಕೂ ತತ್ವಾರದ ಕಾಲವದು. ಆದರೂ ಜಪಾನಿನ ಮರದಚ್ಚಿನ ಚಿತ್ರಗಳನ್ನು ಗೋಡೆಗೆ ಚುಚ್ಚಿಕೊಂಡು, ಅವುಗಳಿಂದಲೇ ಕೋಣೆ ಸಹ್ಯವಾಗಿದೆಯೆಂದು ತಮ್ಮನಾದ ಥಿಯೋನಿಗೆ ಕಾಗದ ಬರೆದನು. ಆಗ ಅಂಥ ಅಚ್ಚುಗಳು ಅಗ್ಗವಾಗಿದ್ದುವು. ಪ್ಯಾರಿಸ್ಸಿಗೆ ಹೋದ ಮೇಲೆ ಅವನು ನೂರಾರನ್ನು ಕೊಂಡನು.

ಇಷ್ಟಕ್ಕೇ ಮುಗಿದಿದ್ದರೆ ಅದನ್ನು ಒಬ್ಬ ಬಡವನ ಶೋಕಿಯೆಂದು ಬಿಟ್ಟುಬಿಡಬಹುದಿತ್ತು. ಆದರೆ 1887ರಲ್ಲಿ ಅವನು ಹಿರೊಶಿಗೆಯೆಂಬ ಜಪಾನೀ ಕಲಾವಿದನ ಎರಡು ಅಚ್ಚುಗಳನ್ನು, ಹೂಬಿಟ್ಟ ಪ್ಲಮ್ ಮರದ ತೋಟವೊಂದು, ಸೇತುವೆಯ ಮೇಲೆ ಫಕ್ಕನೆ ಸುರಿದ ಮಳೆಯೊಂದು, ತೈಲವರ್ಣದಲ್ಲಿ ತಾನೇ ಬರೆದು ನೋಡಿದನು. ಪತ್ರಿಕೆಯೊಂದರ ಮುಖಪುಟದಲ್ಲಿ ಬಂದಿದ್ದ ಐಸೆನ್ನನ ಸ್ತ್ರೀಚಿತ್ರದ ಮೇಲೆ ತೆಳುಗಾಗದವನ್ನಿಟ್ಟು ಗೆರೆಗಳನ್ನೆತ್ತಿಕೊಂಡು, ಚೌಕುಳಿ ಹಾಕಿ, ದೊಡ್ಡದು ಮಾಡಿ ಬರೆದನು. ಆ ಸಹೋದರರು ಕೂಡಿಸಿದ ಅಚ್ಚುಗಳಲ್ಲಿ ಸುಮಾರು 500 ಇಂದಿಗೂ ಆಮ್‌ಸ್ಟರ್‌ಡ್ಯಾಮಿನ ವಸ್ತುಸಂಗ್ರಹಾಲಯದಲ್ಲಿವೆ. ಅನೇಕ ಹಾಳೆಗಳ ಮೂಲೆಗಳಲ್ಲಿ ಸೂಜಿ ಚುಚ್ಚಿದ ರಂಧ್ರಗಳು ಕಾಣುತ್ತವೆ. ಪೆಟ್ಟಿಗೆಯಲ್ಲಿ ಒಡವೆಯಂತೆ ಮುಚ್ಚಿಡದೆ, ಬಡಗಿಯು ಉಳಿ ಬಾಚಿಗಳನ್ನು ಬಳಸುವಂತೆ ಅವುಗಳನ್ನು ಬಳಸಿದರು.

ಗೋಡೆಗೆ ಏನು ಹಾಕಬೇಕೆಂದು ಕೇಳುವ ಗೃಹಸ್ಥರಿಗೆ ನಮ್ಮ ಉತ್ತರವೂ ಇದೇ. ಯಾವುದನ್ನು ಕಂಡೊಡನೆ ಕೈಯು ಪೆನ್ಸಿಲನ್ನೋ ಸೂಜಿಯನ್ನೋ ಹುಡುಕುವುದೋ ಅದನ್ನು ಹಾಕಿರಿ. ಕೇವಲ ನೋಡಿ ಸಂತೋಷಪಡತಕ್ಕದ್ದು ನಡುಮನೆಯಲ್ಲಿರಲಿ. ಚೆಂದದ ಚಿತ್ರಗಳನ್ನು ಕತ್ತರಿಸಿ, ಜೋಡಿಸಿ, ಮತ್ತೆ ಜೋಡಿಸುತ್ತ ಒಂದು ವಾರ ಕಳೆದವರಿಗೆ, ಅಷ್ಟರಿಂದಲೇ ಏನೋ ಸಾಧಿಸಿದಂಥ ತೃಪ್ತಿ ಹುಟ್ಟುವುದುಂಟು. ಆ ತೃಪ್ತಿಯಷ್ಟು ಕೆಲಸಗೇಡಿಯಾದದ್ದು ಮತ್ತೊಂದಿಲ್ಲ.

ಹಿತೋಕ್ತಿಗಳೇ ಬೇಕೆನ್ನುವವರು ಫ್ರಾನ್ಸಿನ ಪ್ರಬಂಧಕಾರ ಮೊಂಟೇನನನ್ನು ನೆನೆಯಬಹುದು. 1571ರಲ್ಲಿ ಉದ್ಯೋಗದಿಂದ ನಿವೃತ್ತನಾದ ಅವನು, ತನ್ನ ಗೋಪುರದ ಗ್ರಂಥಾಲಯದ ತೊಲೆಗಳ ಮೇಲೆ ಗ್ರೀಕ್ ಮತ್ತು ಲ್ಯಾಟಿನ್ ವಾಕ್ಯಗಳನ್ನು ಬರೆಸಿದನು. ಕೆಲವು ಕಡೆ ಹಳೆಯ ವಾಕ್ಯವನ್ನು ಮರೆಮಾಡಿ ಹೊಸದನ್ನು ಬರೆಸಿದ್ದೂ ಉಂಟು. ಕಣ್ಣಿಗೆ ಒಗ್ಗಿಹೋದದ್ದು ಕಾಣುವುದೇ ಇಲ್ಲವಷ್ಟೆ! ತಿಂಗಳಿಗೊಮ್ಮೆ ಎರಡು ಹಾಳೆಗಳನ್ನಾದರೂ ಬದಲಾಯಿಸಿರಿ; ಗೋಡೆಯ ಅರ್ಧಭಾಗ ಸದಾ ಬರಿದಾಗಿರಲಿ.

ಇನ್ನು ವಿಧಾನ. ಸುಣ್ಣದ ಗೋಡೆಗೆ ಪದೇ ಪದೇ ಮೊಳೆ ಹೊಡೆದರೆ ಗಾರೆ ಉದುರುತ್ತದೆ. ಮೈದಾಹಿಟ್ಟಿನ ಅಂಟು ಹುಳುಗಳಿಗೆ ಔತಣ. ಮೆತ್ತನೆಯ ರಟ್ಟಿನ ಅಥವಾ ಕಾರ್ಕಿನ ಹಲಗೆಯೊಂದನ್ನು ತಂದು, ಹಿಂದೆ ಅರ್ಧ ಅಂಗುಲದ ಮರದ ಪಟ್ಟಿಗಳನ್ನು ಕೊಟ್ಟು ಗೋಡೆಗೆ ಕೂಡಿಸಿದರೆ, ನಡುವೆ ಗಾಳಿಯಾಡಿ, ಮಳೆಗಾಲದ ತೇವ ಕಾಗದಕ್ಕೆ ಸುಲಭವಾಗಿ ತಗಲದು. ಕುಳಿತವರ ಕಣ್ಣಿನ ಎತ್ತರಕ್ಕೆ ಅದು ಬರಬೇಕು. ಬಿಸಿಲು ನೇರವಾಗಿ ಬೀಳುವಲ್ಲಿ ಬಣ್ಣಗಳು ಮಾಸುವುವು. ಅಜ್ಜಿಯ ಕೈಬರಹದ ಹಾಡಿನ ಹಾಳೆಯಂಥ ವಸ್ತುವಾದರೆ ಅದರ ಪ್ರತಿಯನ್ನು ಮಾತ್ರ ಚುಚ್ಚಿ, ಮೂಲವನ್ನು ಪೆಟ್ಟಿಗೆಯಲ್ಲಿಡುವುದು ಲೇಸು.

ಒಂದು ಮಾತು ಯಜಮಾನರಿಗೆ. ಮನೆಯಲ್ಲಿ ಕೆಲಸ ಮಾಡುವವರು ತಾವೊಬ್ಬರೇ ಅಲ್ಲ. ನಡುಮನೆಯ ಮೂಲೆಯಲ್ಲಿ ಕುಳಿತು ನೆರೆಹೊರೆಯವರ ರವಿಕೆಗಳನ್ನು ಹೊಲಿದು ನಾಲ್ಕು ಕಾಸು ಕೂಡಿಸುವ ಗೃಹಿಣಿಗೆ, ಅಳತೆಯ ಚೀಟಿ, ಬಟ್ಟೆಯ ತುಂಡು, ಕಸೂತಿಯ ನಮೂನೆಗಳನ್ನು ಕಣ್ಣೆದುರಿಗೆ ಚುಚ್ಚಿಡಲು ಒಂದು ಮೊಳ ಸ್ಥಳವೂ ಇಲ್ಲದ ಮನೆಗಳೆಷ್ಟಿಲ್ಲ! ಮೊದಲು ಆ ಮೂಲೆಗೆ ಹಲಗೆ ಬರಲಿ. ಒಂದೇ ಕೋಣೆಯ ಮನೆಯವರು ಎರಡು ರಟ್ಟುಗಳನ್ನು ಬಟ್ಟೆಯ ಪಟ್ಟಿಯಿಂದ ಪುಸ್ತಕದಂತೆ ಜೋಡಿಸಿಕೊಂಡರೆ ಸಾಕು; ಹಗಲು ಮೇಜಿನ ಮೇಲೆ ತೆರೆದು ನಿಲ್ಲಿಸಬಹುದು, ರಾತ್ರಿ ಹಾಸಿಗೆ ಬಿಡಿಸುವಾಗ ಮಡಿಸಿ ಬೀರುವಿನ ಹಿಂದೆ ಸರಿಸಬಹುದು.