ಅಂಗಳದ ಬದಿಗೆ ಕಕ್ಕೆಯೇ ಸಾಕು

ಬಿಸು ಕಣಿಗೆ ಈಗೀಗ ಪೇಟೆಯಿಂದ ಪ್ಲಾಸ್ಟಿಕ್ಕಿನ ಕಕ್ಕೆ ಹೂ ಬರುತ್ತಿರುವುದನ್ನು ವಾಚಕರೂ ಕಂಡಿರಬಹುದು. ಕಾಸರಗೋಡಿನ ಗುಡ್ಡಗಳಲ್ಲಿ ತಾನಾಗಿ ಹುಟ್ಟುವ ಮರದ ಹೂವಿಗೆ ದುಡ್ಡು ತೆರುವ ಗತಿ ನಮಗೇಕೆ ಬಂತು? ಸಂಕ್ರಮಣದ ಮುನ್ನಾದಿನ ಗುಡ್ಡದ ಮರವನ್ನು ಗೆಲ್ಲು ಸಮೇತ ಮುರಿದೆವು. ಮನೆಯ ಬಳಿ ಒಂದನ್ನೂ ನೆಡಲಿಲ್ಲ.

ನೆಟ್ಟವರೂ ನೆಟ್ಟದ್ದು ಗುಲ್‌ಮೊಹರ್. ಈ ತಪ್ಪು ಮಾಡಿದವರಲ್ಲಿ ನಾವೂ ಒಬ್ಬರು. ಮಡಗಾಸ್ಕರ್ ದ್ವೀಪದ ಆ ಮರ ಬೇಗ ಬೆಳೆದು ಕೆಂಪಗೆ ಹೂ ಬಿಡುವುದು ಸುಳ್ಳಲ್ಲ. ಆದರೆ ಬೇರು ಆಳಕ್ಕಿಳಿಯದೆ ಮೇಲುಮೇಲೆಯೇ ಹಬ್ಬುತ್ತದೆ, ಗೆಲ್ಲು ಬಲು ಪೆಡಸು. ಒಂದು ಆಟಿಯ ಗಾಳಿಗೆ ನಮ್ಮ ಮರದ ದೊಡ್ಡ ಗೆಲ್ಲು ಹಟ್ಟಿಯ ಮಾಡಿನ ಮೇಲೆ ಬಿದ್ದು ನಾಲ್ಕು ಸಾಲು ಹೆಂಚು ಪುಡಿಯಾಯಿತು. ದನ ಮೇಯಲು ಹೋಗಿತ್ತು, ಬದುಕಿತು.

ಕಕ್ಕೆಗೆ ದೋಷವಿಲ್ಲವೆಂದಲ್ಲ. ಅದರ ಬೆಳವಣಿಗೆ ನಿಧಾನ. ಬೀಜದಿಂದ ಹೂವಿಗೆ ಏಳೆಂಟು ವರ್ಷ ಕಾಯಬೇಕು. ಆದರೆ ಒಮ್ಮೆ ಬೇರೂರಿದ ಮೇಲೆ, ಬಾವಿಯ ತಳ ಕಾಣುವ ಏಪ್ರಿಲ್ ಮೇ ತಿಂಗಳಲ್ಲಿ, ಒಂದು ಕೊಡ ನೀರನ್ನೂ ಕೇಳದೆ ಅಡಿಯುದ್ದದ ಹಳದಿ ಗೊಂಚಲುಗಳನ್ನು ಇಳಿಬಿಡುತ್ತದೆ. ಬೇಸಗೆಯಲ್ಲಿ ಕೊಡ ಹೊರುವ ಹೆಂಗಸರನ್ನು ಕೇಳಿದರೆ ಇದರ ಬೆಲೆ ತಿಳಿಯುತ್ತದೆ.

“ಬೀಜ ಹಾಕಿದೆವು, ಹುಟ್ಟಲಿಲ್ಲ” ಎನ್ನುವವರು ಬಹಳ. ಕಕ್ಕೆ ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ, ನೀರು ಒಳಹೋಗದು. ಕಪ್ಪಗೆ ಒಣಗಿದ ಕೋಡನ್ನು ಒಡೆದು, ಅಂಟು ತಿರುಳನ್ನು ತೊಳೆದು, ಬೀಜದ ಒಂದು ಬದಿಯನ್ನು ಒರಟು ಕಲ್ಲಿಗೆ ಉಜ್ಜಿ ಒಳಬಣ್ಣ ಕಾಣುವಷ್ಟೇ ಸವೆಸಬೇಕು. ರಾತ್ರಿ ನೀರಿನಲ್ಲಿಟ್ಟು, ಉಬ್ಬಿದ್ದನ್ನು ಮಾತ್ರ ಮಣ್ಣು ತುಂಬಿದ ತೊಟ್ಟೆಗೆ ಹಾಕಿರಿ. ಶಾಲೆಯ ಮಕ್ಕಳಿಂದ ಮಾಡಿಸಿ ನೋಡಿದ್ದೇವೆ: ಉಜ್ಜಿದ್ದು ಎದ್ದಿತು, ಉಜ್ಜದ್ದು ಹಾಗೆಯೇ ಬಿದ್ದುಕೊಂಡಿತ್ತು.

ಜೂನಿನ ಮಳೆ ಹಿಡಿದೊಡನೆ ನೆಡಬೇಕು. ಮನೆಯಿಂದ 20 ಅಡಿ ದೂರವಿರಲಿ, ವಿದ್ಯುತ್ ತಂತಿಯ ಕೆಳಗೆ ಬೇಡ. ಮರ 30-40 ಅಡಿ ಏರುತ್ತದೆ. ಮುರಕಲ್ಲಿನ ನೆಲವಾದರೆ ಎರಡಡಿ ಹೊಂಡ ತೋಡಿರಿ, ನೀರು ನಿಲ್ಲದಂತೆ ನೋಡಿರಿ. ಅಡಿಕೆ ತೋಟದ ನೆರಳಿನಲ್ಲಿ ನೆಟ್ಟರೆ ಸೊಪ್ಪೇ ಹೊರತು ಹೂವಿಲ್ಲ. ಮೊದಲೆರಡು ಬೇಸಗೆ ನೀರು ಕೊಟ್ಟರಾಯಿತು.

ಕೋಡಿನ ತಿರುಳು ಆಯುರ್ವೇದದಲ್ಲಿ ಭೇದಿಯ ಮದ್ದು. ಮಕ್ಕಳು ಹುಣಸೆಹಣ್ಣೆಂದು ಬಾಯಿಗಿಡದಂತೆ ಎಚ್ಚರವಿರಲಿ.

ಕಣಿಗೆ ಬೇಕಾದ ಗೊಂಚಲನ್ನು ತೊಟ್ಟಿನಲ್ಲಿ ಕತ್ತರಿಸಿದರೆ ಸಾಕು, ಗೆಲ್ಲು ಮುರಿಯಬೇಕಾಗಿಲ್ಲ. ಹೂ ಕೇಳಲು ಬರುವ ನೆರೆಯವರಿಗೆ ಜೊತೆಯಲ್ಲಿ ಒಣಗಿದ ಕೋಡೊಂದನ್ನೂ ಕೊಟ್ಟು ಕಳುಹಿಸುವುದು ನಮ್ಮ ಮನೆಯ ರೂಢಿ.