ಹುಂಡಿ ಎಣಿಸಲು ಬೆಟ್ಟ ಹತ್ತುವ ಬ್ಯಾಂಕು ಬಡವನ ಜಗಲಿಗೆ ಬಾರದೇಕೆ?

ಮಲೆ ಮಹದೇಶ್ವರ ಬೆಟ್ಟದಲ್ಲಿ ಹುಂಡಿ ಎಣಿಕೆ ಎಂದರೆ ನಮ್ಮ ಕಡೆ ದೊಡ್ಡ ಸುದ್ದಿ. ಮೊತ್ತ ಕೋಟಿ ದಾಟುತ್ತದೆ. ಎಣಿಸಲು ಬ್ಯಾಂಕಿನ ಸಿಬ್ಬಂದಿ ಬೆಟ್ಟಕ್ಕೇ ಬರುತ್ತಾರೆ. ಬರಲಿ, ಮಾದಪ್ಪನ ದುಡ್ಡು ಜೋಪಾನವಾಗಿರಬೇಕು. ಆದರೆ ಅದೇ ಹುಂಡಿಗೆ ಕಾಸು ಹಾಕಿದ ಇಂಡಿಗನತ್ತ, ತುಳಸಿಕೆರೆಯ ಬಡವನಿಗೆ ಐದು ಸಾವಿರ ಕೈಸಾಲ ಬೇಕಾದರೆ ಅವನ ಜಗಲಿಗೆ ಬರುವವರು ಯಾರು?

ಬರುವವರು ಇದ್ದಾರೆ ಸ್ವಾಮಿ, ಮೋಟಾರ್ ಬೈಕಿನಲ್ಲಿ ಬರುತ್ತಾರೆ. ಮೊನ್ನೆ ಹನೂರು ಬಸ್ಸಿನಲ್ಲಿ ಪಕ್ಕ ಕುಳಿತ ಹೆಂಗಸೊಬ್ಬರು ಹೇಳಿದ ಮಾತಿದು: "ಬ್ಯಾಂಕಿಗೋದ್ರೆ ಆ ಕಾಗ್ದ ತಕಬಾ, ಈ ಕಾಗ್ದ ತಕಬಾ ಅಂತಾರೆ ಕನಣ್ಣ. ಸಂಗದೋರು ಮನೆತಾವ್ಕೇ ಬಂದು ಕೊಟ್ಟೋಯ್ತಾರೆ. ಕಂತು ಕಟ್ನಿಲ್ಲ ಅಂದ್ರೆ ಬಾಗ್ಲಲ್ಲೇ ಕುಂತ್ಕತ್ತಾರೆ."

ಬಾಗಿಲಲ್ಲಿ ಕುಳಿತರೆ ಏನಾಗುತ್ತದೆ ಎಂಬುದನ್ನು 2025ರ ಜನವರಿಯಲ್ಲಿ ರಾಜ್ಯವೇ ನೋಡಿತು. ಮೈಕ್ರೋ ಫೈನಾನ್ಸ್ ಕಂತಿನ ಕಾಟ ತಾಳಲಾರದೆ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಜಡಿದು ಊರು ಬಿಟ್ಟರು. ಫೆಬ್ರವರಿ 12ರಂದು ಸುಗ್ರೀವಾಜ್ಞೆ ಬಂತು. ಹಿಂಸಿಸಿ ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ ಆಯಿತು. ಆದರೆ ಕಾಟ ಕೊಡುವವನನ್ನು ಹಿಡಿಯಲು ಕಾನೂನು ಬಂತೇ ಹೊರತು, ಅವನ ಬದಲು ಸಾಲ ಕೊಡುವವನು ಬಂದನೇ?

ಮಾತಿಗೇನೂ ಕೊರತೆಯಿಲ್ಲ. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ಬ್ಯಾಂಕು ಬಡವರದಾಯಿತು ಎಂದರು. 1976ರಲ್ಲಿ ಗ್ರಾಮೀಣ ಬ್ಯಾಂಕುಗಳ ಕಾಯ್ದೆ ಬಂತು. ಮೈಸೂರಿನಲ್ಲಿ ಕೇಂದ್ರ ಕಚೇರಿ ಇದ್ದ ನಮ್ಮ ಕಾವೇರಿ ಗ್ರಾಮೀಣ ಬ್ಯಾಂಕು 2019ರಲ್ಲಿ ವಿಲೀನವಾಯಿತು. 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು, ಕೇಂದ್ರ ಕಚೇರಿ ಬಳ್ಳಾರಿಯಲ್ಲಿ. ಬ್ಯಾಂಕು ಬೆಳೆಯಿತು, ನಮ್ಮಿಂದ ದೂರವೂ ಆಯಿತು.

ಖಾತೆಗೆ ಬರಗಾಲವಿಲ್ಲ, ಒಪ್ಪೋಣ. 2014ರ ಆಗಸ್ಟ್ 28ರಂದು ಜನಧನ ಬಂದ ಮೇಲೆ ಪೋಡಿನ ಸೋಲಿಗರ ಕೈಗೂ ಪಾಸ್‌ಬುಕ್ ಸಿಕ್ಕಿತು. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಬೀಳುವುದೂ ಖಾತೆಗೇ. ಆದರೆ ದುಡ್ಡು ಬಿತ್ತು, ತೆಗೆದರು, ಖಾಲಿ. ಮಗುವಿಗೆ ಜ್ವರ ಬಂದರೆ, ಹಸು ಸತ್ತರೆ ಆ ಪಾಸ್‌ಬುಕ್ ಯಾವ ಕೆಲಸಕ್ಕೂ ಬಾರದು.

ಬ್ಯಾಂಕಿನವರು ಕೇಳುವುದು ಪಹಣಿ, ಇಲ್ಲವೇ ಜಾಮೀನು. ಯಳಂದೂರು ಸೀಮೆಯ ಕೂಲಿಯವನಿಗೆ ಪಹಣಿ ಎಲ್ಲಿಂದ ಬರಬೇಕು? ಕುದಿನೀರಲ್ಲಿ ಕೈಯಿಟ್ಟು ರೇಷ್ಮೆ ಬಿಚ್ಚುವ ಹೆಂಗಸು ಬೆರಳಚ್ಚಿನ ಯಂತ್ರಕ್ಕೆ ಒತ್ತಲು ಸವೆಯದ ಬೆರಳನ್ನು ಎಲ್ಲಿಂದ ತರಬೇಕು? ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅರಣ್ಯ ಹಕ್ಕು ಸಿಕ್ಕಿದೆ ನಿಜ. ಆ ಹಕ್ಕನ್ನು ಪರಭಾರೆ ಮಾಡುವಂತಿಲ್ಲ. ಭೂಮಿ ಕೈತಪ್ಪದಿರಲೆಂದೇ ಮಾಡಿದ ಕಾನೂನು ಅದು. ಬ್ಯಾಂಕಿನ ಕಣ್ಣಿಗೆ ಮಾತ್ರ ಅದು ಬರೀ ಕಾಗದ.

"ಬಡವರಿಗೆ ಕೊಟ್ಟರೆ ವಾಪಸ್ ಬರೋಲ್ಲ, ಪೂಜಾರಿಯವರ ಸಾಲ ಮೇಳ ನೋಡಲಿಲ್ಲವೇ?" ಎನ್ನುವವರು ಇಂದಿಗೂ ಇದ್ದಾರೆ. ಹೌದೇ? ಹಾಗಾದರೆ ದುಬಾರಿ ಬಡ್ಡಿಗೆ ತಂದು ವಾರ ವಾರವೂ ಕಂತು ಕಟ್ಟುತ್ತಿರುವ ಹೆಂಗಸರು ಯಾರು ಸ್ವಾಮಿ? ಕಟ್ಟದವರಾಗಿದ್ದರೆ ಬೈಕುಗಳು ಹಳ್ಳಿ ಕಡೆ ತಲೆ ಹಾಕುತ್ತಿರಲಿಲ್ಲ.

ದಾರಿ ಇಲ್ಲವೆಂದಲ್ಲ. 2020ರಲ್ಲಿ ಬಂದ ಸ್ವನಿಧಿ ಯೋಜನೆಯಲ್ಲಿ ಪಟ್ಟಣದ ಬೀದಿ ವ್ಯಾಪಾರಿಗೆ ಮೊದಲ ಕಂತಾಗಿ 10,000 ರೂಪಾಯಿಯನ್ನು ಅಡಮಾನವಿಲ್ಲದೆ ಕೊಟ್ಟರು. ತೀರಿಸಿದವನಿಗೆ ಮುಂದೆ ಹೆಚ್ಚು. ಪೇಟೆಯ ತಳ್ಳುಗಾಡಿಗೆ ಆದದ್ದು ಪೋಡಿಗೆ ಏಕಾಗದು? ಜನಧನ ಖಾತೆಗೇ 10,000 ರೂಪಾಯಿವರೆಗೆ ಓವರ್‌ಡ್ರಾಫ್ಟ್ ಅವಕಾಶ 2018ರಲ್ಲೇ ಆಗಿದೆ. ಎಷ್ಟು ಜನಕ್ಕೆ ಇದು ಗೊತ್ತು? ಗೊತ್ತಾಗಿ ಕೇಳಿದರೆ ಎಷ್ಟು ಶಾಖೆಗಳಲ್ಲಿ ಕೊಡುತ್ತಾರೆ?

ನಾವು ಕೇಳುವುದು ಬೆಟ್ಟದಷ್ಟೇನಲ್ಲ. ಜಿಲ್ಲಾ ಅಗ್ರಣಿ ಬ್ಯಾಂಕು ಸಭೆ ನಡೆಸಿ ಕಾಫಿ ಕುಡಿದು ಏಳುವ ಬದಲು, ಯಾವ ಶಾಖೆ ಎಷ್ಟು ಓವರ್‌ಡ್ರಾಫ್ಟ್ ಕೊಟ್ಟಿತು ಎಂಬ ಪಟ್ಟಿಯನ್ನು ಬೋರ್ಡಿಗೆ ಹಾಕಲಿ. ವಾರಕ್ಕೊಂದು ದಿನ ಅಧಿಕಾರಿಯೊಬ್ಬರು ಕಾಡಂಚಿನ ಹಳ್ಳಿಗೆ ಹೋಗಿ ಅರ್ಜಿಯನ್ನು ಅಲ್ಲೇ ಪಡೆಯಲಿ. ಬೆರಳಚ್ಚು ಯಂತ್ರ ಹಿಡಿದ ಪ್ರತಿನಿಧಿ ಪ್ರತಿ ಸಲ ಚೀಟಿ ಕೊಡಲಿ.

ಅಲ್ಲಿಯವರೆಗೆ ಒಂದು ಮಾತು ನೆನಪಿರಲಿ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಇಂಥ ಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಕರೆ ಮಾಡಿ ಪೀಡಿಸುವಂತಿಲ್ಲ. ಎಲ್ಲ ಸಾಲದ ಕಂತೂ ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು.

ಅಂಗಡಿಯವರೇ, ನಿಮಗೂ ಇದು ಸಂಬಂಧಪಟ್ಟ ವಿಷಯ. ಊರು ಬಿಟ್ಟು ಹೋದವನು ನಿಮ್ಮ ಉದ್ರಿ ಪುಸ್ತಕದಲ್ಲೂ ಇದ್ದಾನೆ. ದಿನಸಿಗೆ ಬಂದವರಿಗೆ ಇದಿಷ್ಟು ಹೇಳಿ ಕಳಿಸಿ. ಬ್ಯಾಂಕಿನವರು ಹೇಳುವವರೆಗೆ ಕಾದರೆ ಇನ್ನೆಷ್ಟು ಬಾಗಿಲಿಗೆ ಬೀಗ ಬೀಳುತ್ತದೋ!